ಭಾನುವಾರಕ್ಕೆ ಉಳಿಸಬೇಕಾದ ಡೇಟಾ

ಅಪ್ಪ,

ಗಾಯನ ಅಭ್ಯಾಸಕ್ಕೆ ಚರ್ಚಿಗೆ ಹೋಗುತ್ತಿದ್ದೇನೆ. ಕೆಸುವಿನೆಲೆ ತೊಳೆದಿಟ್ಟಿದ್ದೇನೆ, ಕಾಯಿ ತುರಿದು ಹಾಲು ಹಿಂಡಿಡು.

ಆಫರಿನ ಹೊಸ ಸಿಮ್ ಫೋನಿಗೆ ಹಾಕಿದ್ದೇನೆ. ದುಪ್ಪಟ್ಟು ಡೇಟಾ ಇದೆಯೆಂದು ಇವತ್ತೇ ರಗ್ಬಿ ನೋಡಿ ಮುಗಿಸಬೇಡ. ನಾಳೆ ಭಾನುವಾರ, ಟೋಂಗಾ ಪೂರ್ತಿ ಬಾಗಿಲು ಹಾಕಿರುತ್ತದೆ, ಬೇಡಿಕೊಂಡರೂ ಯಾರೂ ರೀಚಾರ್ಜ್ ಮಾಡಿಕೊಡುವುದಿಲ್ಲ.

ಹೋದ ಭಾನುವಾರ ಅಮ್ಮ ತಾನು ಕೆಲಸ ಮಾಡುವ ಆಸ್ಟ್ರೇಲಿಯಾದ ಹಣ್ಣಿನ ತೋಟದಿಂದ ಕರೆ ಮಾಡಿದಾಗ ನಮ್ಮ ಡೇಟಾ ಮುಗಿದು ಅವಳ ಪ್ರಾರ್ಥನೆ ಅರ್ಧಕ್ಕೇ ನಿಂತುಹೋಯಿತು. ನನ್ನ ಸರದಿ ಬರಲೇ ಇಲ್ಲ. "ನೀನಾಡೋದೇ ನಾಲ್ಕು ಮಾತು ಮಗಳೇ, ಅದಕ್ಕೆಷ್ಟು ಡೇಟಾ ಬೇಕು?" ಅಂತ ನೀನು ನಕ್ಕುಬಿಟ್ಟೆ. ನನಗೆ ನಗು ಬರಲಿಲ್ಲ.

ನಾನು ಅರ್ಜಿ ಹಾಕಿದ್ದ ವವಾವು ದ್ವೀಪದ ಶಾಲೆಯ ಕೆಲಸದ ಬಗ್ಗೆ ನಿನ್ನೆ ಉತ್ತರ ಬಂದಿದೆ. ಏನೆಂದು ಇಲ್ಲಿ ಬರೆಯುವುದಿಲ್ಲ. ನಾಳೆ ಅಮ್ಮನ ಮುಖ ಪರದೆಯ ಮೇಲೆ ಬಂದಮೇಲೆ ನಿಮ್ಮಿಬ್ಬರಿಗೂ ಒಟ್ಟಿಗೇ ಹೇಳುತ್ತೇನೆ.

ಹೆಯಿಲಾಲ