ಪರಸಿಯ ಬೆನ್ನಿನ ಹನ್ನೆರಡು ಪದ

ಶಹಾಬಾದ್, ಭಾನುವಾರ

ಮುನಿಸಿಕೊಂಡು ಕುಂತ ನನ್ನ ಶಗುಫ್ತಾ,

ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ಮೂರು ಸಲ ಬರೆದು ಹರಿದೆ. ಕುಂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಕಲ್ಲಿನ ಅಂಗಡಿಯಲ್ಲಿ ಗಿರಾಕಿಯ ಬಿಲ್ಲು ತಪ್ಪು ಬರೆದು ಅಪ್ಪನಿಂದ ಬೈಸಿಕೊಂಡೆ.

ಕಲಬುರಗಿ ಕಾಲೇಜಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನಮಗಿದ್ದದ್ದು ಒಂದೇ ಫೋನು. ಅದರೊಳಗಿನ ಆಟದಲ್ಲಿ ಆ ಕುದುರೆಮರಿಗೆ ಬೂದಿ ಎಂದು ಹೆಸರಿಟ್ಟು ಎರಡು ವರ್ಷ ಸಾಕಿದೆವು. ಅದು ಯಾರದ್ದು ಎಂದು ಆಗ ಕೇಳಿಕೊಂಡಿರಲೇ ಇಲ್ಲ.

ಆಮೇಲೆ ಆಟದ ಕಂಪನಿಯವರು ಬ್ಲಾಕ್‌ಚೈನ್ ತಂದರು, ಯಾವುದು ಯಾರದ್ದು ಎಂದು ಬರೆದಿಡುವ, ಯಾರೂ ಅಳಿಸಲಾಗದ ದಾಖಲೆ. ಇನ್ನು ಕುದುರೆ ನಿಮ್ಮ ಸ್ವಂತದ್ದು, ನಾವೂ ಕಸಿಯಲಾರೆವು, ಬೇಕಾದವರಿಗೆ ಕೊಡಿ ಎಂದರು. ನಾನು ಹಿಗ್ಗಿ ನನ್ನ ಹೆಸರಿಗೆ ಮಾಡಿಕೊಂಡೆ.

"ಇಬ್ಬರದೂ ಅಂದಮ್ಯಾಲ ನಿನ್ನ ಒಬ್ಬಾಕಿ ಹೆಸರು ಯಾಕ?" ಎಂದೆ ನೀನು. ಯಾರ ಹೆಸರಾದರೇನು ಬಿಡು ಎಂದು ನಾನು ನಕ್ಕೆ. ಭಾಳ ತಪ್ಪು ಮಾಡಿದೆ.

ಆ ಕುದುರೆಯ ಬೀಗಕ್ಕೆ ಹನ್ನೆರಡು ಗುಟ್ಟಿನ ಪದ ಕೊಟ್ಟು, ಫೋನಿನ ಹೊರಗೆ ಬರೆದಿಡಿ ಎಂದಿದ್ದರು. ನಮ್ಮ ಅಂಗಡಿಯಲ್ಲಿ ಕಲ್ಲಿನ ಅಳತೆ, ಗಿರಾಕಿಯ ಹೆಸರು ಎಲ್ಲವನ್ನೂ ನೆಲಕ್ಕೆ ಹಾಸುವ ಪರಸಿಯ ಬೆನ್ನಿಗೇ ಬಣ್ಣದಲ್ಲಿ ಬರೆಯುವುದಲ್ಲವೇ? ಅದೇ ರೂಢಿಯಲ್ಲಿ, ಮೂಲೆ ಮುಕ್ಕಾದ ಒಂದು ಪರಸಿಯ ಹಿಂದೆ ಬರೆದೆ. ನಿನ್ನ ನಿಕಾಹ್ ಆಗಿ, ಸುಲೇಪೇಟದ ನಿನ್ನ ಹೊಸ ಮನೆಯ ನೆಲಕ್ಕೆ ಅಪ್ಪ ಲಾರಿಗೆ ಪರಸಿ ತುಂಬಿಸಿದಾಗ ನನಗೆ ಗೊತ್ತಾಗದೆ ಅದೂ ಹೋಯಿತು. ದಾವತ್ತಿನ ಊಟಕ್ಕೆ ಬಂದವಳು ನಿನ್ನ ಒಲೆಯ ಮುಂದೆ ಆ ಮುಕ್ಕು ನೋಡಿ ಅದೇ ಕಲ್ಲು ಎಂದು ಗುರುತು ಹಿಡಿದರೂ, ಫೋನಿನಲ್ಲಿ ಬೂದಿ ಇದೆಯಲ್ಲ ಎಂದು ಸುಮ್ಮನಾದೆ.

ಮುಂದೆ ನನ್ನ ಆ ಫೋನು ನೀರಿಗೆ ಬಿದ್ದು ಕೆಟ್ಟಿತು; ಬೂದಿಯ ಬೀಗ ತೆಗೆಯಲು ಇನ್ನು ಆ ಪದಗಳೇ ಬೇಕಿದ್ದವು. ಅದೇ ವಾರ ನೀನು, ಇಲ್ಲಿ ಹೊತ್ತು ಹೋಗುವುದಿಲ್ಲ, ಬೂದಿಯನ್ನು ಕಳಿಸು ಎಂದೆ. ಪದ ಕಳೆದಿವೆ ಎಂದಷ್ಟೇ ನಾನು ಹೇಳಿದೆ. ನಿನ್ನ ಮನೆ ನೆಲ ಅಗೆ ಎನ್ನಲು ಬಾಯಿ ಬರಲಿಲ್ಲ. ನೀನು ದಾಖಲೆ ನೋಡಿದೆ. ಜಗತ್ತೆಲ್ಲ ನೋಡಬಹುದಾದ ಆ ದಾಖಲೆಯಲ್ಲಿ ನನ್ನ ಹೆಸರೇ ಇತ್ತು.

"ನೀ ಕಳ್ಳಿ ಅದಿ, ಮೈತ್ರಿ" ಎಂದು ನೀನು ಫೋನಿಟ್ಟೆ.

ಹಾರೆ ಹಾಕಿ ನಿನ್ನ ಒಲೆಯ ಮುಂದಿನ ಆ ಮುಕ್ಕಾದ ಕಲ್ಲು ಎಬ್ಬಿಸು. ಒಡೆದರೆ ಬೇರೆ ಕಳಿಸುತ್ತೇನೆ. ಪದ ಸಿಕ್ಕವರೇ ಒಡೆಯರು. ನನ್ನನ್ನು ಕೇಳದೆ ಬೂದಿಯನ್ನು ನಿನ್ನ ಹೆಸರಿಗೆ ಮಾಡಿಕೊ. ಆದರೆ ಸಿಮೆಂಟಿಗೆ ಅಂಟಿ ಬಣ್ಣ ಎದ್ದುಹೋಗಿದ್ದರೆ? ಈ ಯೋಚನೆಗೇ ಜೀವ ಚಡಪಡಿಸುತ್ತಿದೆ. ಆಗ ದಾಖಲೆ ಎಂದೆಂದಿಗೂ ನನ್ನನ್ನೇ ಒಡತಿ ಎನ್ನುತ್ತದೆ. ನಾನು ಕಳ್ಳಿಯಲ್ಲ ಎನ್ನಲು ನಿನ್ನ ಹತ್ತಿರ ಉಳಿಯುವುದು ನನ್ನ ಮಾತೊಂದೇ. ಅದು ಸಾಕೆನಿಸಿದರೆ, ಕಲ್ಲು ಎಬ್ಬಿಸುವ ಮೊದಲೇ ಒಂದು ಫೋನು ಮಾಡು.

ನಿನ್ನ ಮನೆ ತಣ್ಣಗಿರಲಿ. ಕಲ್ಲು ಭಾರ ಇದೆ, ಕಾಲು ಜೋಪಾನ.

ಇನ್ನೂ ನಿನ್ನ ಗೆಳತಿಯೇ ಎಂದುಕೊಂಡಿರುವ,
ಮೈತ್ರಿ