ಒಲೆ ಮೇಲಿನ ಪಾಠ ಇರಲಿ

ರೀ,

ಗೊರಕೆ ಹೊಡೀತಿದ್ದಿರಿ, ಎಬ್ಬಿಸಲಿಲ್ಲ. ಮೂರನೇ ಸಲಕ್ಕಾದರೂ ನೆಟ್‌ವರ್ಕಿಂಗ್ ಪರೀಕ್ಷೆ ಪಾಸಾಯಿತಲ್ಲ, ಮಲಗಿ. ನಾನು ಆಸ್ಪತ್ರೆಗೆ ಹೊರಟೆ, ಬೆಳಗಿನ ಪಾಳಿ.

ಪ್ರಾಕ್ಟೀಸಿಗೆ ಅಂತ ಕಿತ್ತಿಟ್ಟ ರೌಟರನ್ನು ಇವತ್ತು ಜೋಡಿಸಿ. ಮಗಳು ವೈಫೈಗಾಗಿ ಪಕ್ಕದ ಮನೆಯವರ ಮುಂದೆ ಹಲ್ಲು ಗಿಂಜಿದ್ದು ಸಾಕು. ಬಚ್ಚಲ ಕನ್ನಡಿಗೆ, ಫ್ರಿಜ್ಜಿಗೆ ಅಂಟಿಸಿದ ಪಾಠದ ಚೀಟಿಗಳನ್ನೆಲ್ಲ ಕೀಳಿ. ಒಲೆ ಮೇಲಿನ ಗೋಡೆಯವು ಮಾತ್ರ ಇರಲಿ.

ಎಂಟು ತಿಂಗಳು ನಾನು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡೋ ಮೊದಲೇ "ಪ್ರಶ್ನೆ ಕೇಳೇ" ಅಂತ ಪುಸ್ತಕ ಕೈಗೆ ತುರುಕಿದಿರಿ. ನಿಂತು ನಿಂತು ಕಾಲು ಪದ ಹೇಳುತ್ತಿದ್ದರೂ ಕೇಳಿದೆ. ನೀವು ತಪ್ಪಿದಾಗೆಲ್ಲ ಸರಿ ಉತ್ತರ ಓದಿದವಳೂ ನಾನೇ. ಪೋರ್ಟ್ ಐವತ್ತಮೂರು ಅಂದರೆ ಡಿಎನ್‌ಎಸ್ ಅಂತ ನಿಮಗಿಂತ ಮೊದಲು ನನಗೇ ಬಾಯಿಪಾಠವಾಯಿತು. ಮೊನ್ನೆ ಐವತ್ತಮೂರನೇ ಹಾಸಿಗೆಯ ಅಜ್ಜನಿಗೆ "ಡಿಎನ್‌ಎಸ್, ಮಾತ್ರೆ ತಗೊಳ್ಳಿ" ಅಂದುಬಿಟ್ಟೆ.

ನಿನ್ನೆ ನಿಮ್ಮ ಫಲಿತಾಂಶ ಬಂದಮೇಲೆ ನಾನೂ ಆ ಪರೀಕ್ಷೆಗೆ ಹೆಸರು ಕೊಟ್ಟೆ. ಪುಸ್ತಕ ನಿಮ್ಮ ದಿಂಬಿನ ಪಕ್ಕ ಇದೆ. ಮೂರು ಗಂಟೆಗೆ ಬರ್ತೀನಿ. ಪ್ರಶ್ನೆ ನೀವು ಕೇಳಿ, ನಾನು ಮಲಗಿಕೊಂಡೇ ಉತ್ತರ ಹೇಳ್ತೀನಿ.