ಒಳ್ಳೆಯ ಕಲ್ಪನೆ

ಜುಲೈ ೧೪, ಮಂಗಳವಾರ

ಒಂಬತ್ತನೇ ತರಗತಿಯ ಕೊನೆಯ ಬೆಂಚಿನ ಹುಡುಗಿಯ ಪ್ರಬಂಧವನ್ನು ಇಂದು ಎಲ್ಲರೆದುರು ಓದಿಬಿಟ್ಟೆ. ವಿಷಯ, 'ನಮ್ಮ ಮನೆ'. "ಅಪ್ಪನ ಬೈಕಿನ ಸದ್ದು ಕೇಳಿದೊಡನೆ ತಮ್ಮನನ್ನು ಬೀರುವಿನೊಳಗೆ ಕೂರಿಸುತ್ತೇನೆ" ಎಂಬ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ 'ಒಳ್ಳೆಯ ಕಲ್ಪನೆ' ಎಂದು ಬರೆದಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಲೆ ಎತ್ತಲಿಲ್ಲ.

ಗಂಟೆ ಹೊಡೆದ ಮೇಲೆ ಬಂದು, "ಮಿಸ್, ಅದು ನಿಮಗೊಬ್ರಿಗೇ ಅಂತ ಬರ್ದಿದ್ದು. ಪಕ್ಕದ್ಮನೆಯವಳೂ ಇದೇ ಕ್ಲಾಸು. ಅವಳ ಬಾಯಲ್ಲಿ ಮಾತು ನಿಲ್ಲಲ್ಲ. ಇವತ್ತೇ ಅಪ್ಪಂಗೆ ಗೊತ್ತಾಗುತ್ತೆ" ಎಂದಳು.

ಹೆಡ್ ಮಾಸ್ತರಿಗೆ ಹೇಳಲೆಂದು ಹೋದವಳು, ಓದಿದ್ದಕ್ಕೆ ನನ್ನನ್ನೇ ಬೈಯುತ್ತಾರೆಂದು ಹೆದರಿ ಅವರ ಬಾಗಿಲಿಂದಲೇ ಮರಳಿ ಬಂದೆ.

ಈಗ ಬೀದಿಯಲ್ಲಿ ಯಾವ ಬೈಕ್ ಹೋದರೂ ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ. ಬೀರುವಿನಲ್ಲಿ ತಮ್ಮನಿಗಷ್ಟೇ ಜಾಗ. ಹಾಗಾದರೆ ಅವಳು ಎಲ್ಲಿ... ಇಲ್ಲ, ಬೈಸಿಕೊಂಡರೂ ಸರಿ, ಹೆಡ್ ಮಾಸ್ತರಿಗೆ ಈಗಲೇ ಫೋನ್ ಮಾಡಿ ಎಲ್ಲ ಹೇಳುತ್ತೇನೆ.